ತೆರೆದ ಮೂರು ಚಕ್ರದ ವಾಹನಗಳಲ್ಲಿ ಸೀಟ್ ಬೆಲ್ಟ್

ತೆರೆದ ಮೂರು ಚಕ್ರದ ವಾಹನಗಳಲ್ಲಿ ಸೀಟ್ ಬೆಲ್ಟ್ ಇರಬೇಕೇ ಬೇಡವೇ ಎಂಬುದು ರಸ್ತೆ ಸುರಕ್ಷತೆಗೆ ಸಂಬಂಧಿಸಿದ ಒಂದು ತಾಂತ್ರಿಕ ಹಾಗೂ ಕಾನೂನಾತ್ಮಕ ಪ್ರಶ್ನೆಯಾಗಿದೆ. ಬಾಗಿಲು, ಗಟ್ಟಿ ಛಾವಣಿ ಹಾಗೂ ಪೂರ್ಣ ಕವಚವಿಲ್ಲದ ಮೂರು ಚಕ್ರದ ಮೋಟಾರ್‌ಸೈಕಲ್‌ಗಳು, ಕ್ರೀಡಾ ವಾಹನಗಳು ಮತ್ತು ಆಟೋರಿಕ್ಷಾಗಳು ಈ ವರ್ಗಕ್ಕೆ ಸೇರುತ್ತವೆ. ಕಾರಿನಲ್ಲಿ ಸೀಟ್ ಬೆಲ್ಟ್ ಜೀವರಕ್ಷಕವೆಂಬುದು ನಿರ್ವಿವಾದ. ಆದರೆ ತೆರೆದ ಮೂರು ಚಕ್ರದ ವಾಹನದಲ್ಲಿ ಅದೇ ಬೆಲ್ಟ್ ವಾಹನದ ರಚನೆಗೆ ಅನುಗುಣವಾಗಿ ಪ್ರಾಣ ಉಳಿಸಲೂಬಹುದು, ಅಪಾಯವನ್ನು ಹೆಚ್ಚಿಸಲೂಬಹುದು. ವಾಹನ ಮಗುಚಿದಾಗ ಕುಳಿತವರ ಸುತ್ತ ಬದುಕುಳಿಯುವಷ್ಟು ಜಾಗವನ್ನು ಕಾಯ್ದುಕೊಳ್ಳುವ ಚೌಕಟ್ಟು ಇದೆಯೇ ಎಂಬುದೇ ಈ ವಿಷಯದಲ್ಲಿ ನಿರ್ಣಾಯಕ ಅಂಶವಾಗಿದೆ.

ಸೀಟ್ ಬೆಲ್ಟ್‌ನ ಕಾರ್ಯವಿಧಾನ

ಇಂದು ಬಳಕೆಯಲ್ಲಿರುವ ಮೂರು ಬಿಂದುಗಳ ಸೀಟ್ ಬೆಲ್ಟನ್ನು ಸ್ವೀಡನ್ನಿನ ವೋಲ್ವೋ ಸಂಸ್ಥೆಯ ಎಂಜಿನಿಯರ್ ನೀಲ್ಸ್ ಬೋಲಿನ್ ರೂಪಿಸಿದರು. 1959ರಲ್ಲಿ ಅದು ವೋಲ್ವೋ ಕಾರುಗಳಲ್ಲಿ ಬಳಕೆಗೆ ಬಂದಿತು. ಸಂಸ್ಥೆಯು ಇತರ ತಯಾರಕರಿಗೂ ಅದನ್ನು ಬಳಸಿಕೊಳ್ಳಲು ಅವಕಾಶ ನೀಡಿತು. ಬೆಲ್ಟ್ ಧರಿಸುವುದನ್ನು ಕಡ್ಡಾಯಗೊಳಿಸಿದ ಮೊದಲ ಆಡಳಿತಗಳಲ್ಲಿ ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯವೂ (1970) ಒಂದು.

ಚಲಿಸುತ್ತಿರುವ ವಾಹನ ಥಟ್ಟನೆ ನಿಂತರೂ ಒಳಗಿರುವ ವ್ಯಕ್ತಿಯ ದೇಹವು ಜಡತ್ವದಿಂದಾಗಿ ಅದೇ ವೇಗದಲ್ಲಿ ಮುಂದುವರಿಯುತ್ತದೆ. ಬೆಲ್ಟ್ ಆ ದೇಹವನ್ನು ವಾಹನದ ಚೌಕಟ್ಟಿಗೆ ಜೋಡಿಸಿ, ವಾಹನದ ಮುಂಭಾಗ ಜಜ್ಜಿಹೋಗುವ ಅಲ್ಪಾವಧಿಯಲ್ಲಿ ವ್ಯಕ್ತಿಯ ವೇಗವೂ ಕ್ರಮೇಣ ಇಳಿಯುವಂತೆ ಮಾಡುತ್ತದೆ. ಇದನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಗಂಟೆಗೆ 50 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು 13.9 ಮೀಟರ್. ಈ ವೇಗದಲ್ಲಿರುವ 60 ಕಿಲೋಗ್ರಾಂ ತೂಕದ ವ್ಯಕ್ತಿ ಅರ್ಧ ಮೀಟರ್ ದೂರದಲ್ಲಿ ನಿಂತರೆ ಅವನ ಮೇಲೆ ಬೀಳುವ ಸರಾಸರಿ ಬಲ ಅವನ ತೂಕದ ಸುಮಾರು 20 ಪಟ್ಟು, ಅಂದರೆ ಹತ್ತಿರ ಹತ್ತಿರ 1,200 ಕಿಲೋಗ್ರಾಂ ಭಾರಕ್ಕೆ ಸಮ. ಅದೇ ವ್ಯಕ್ತಿ ಕಬ್ಬಿಣದ ಕಂಬಿಗೆ ಬಡಿದು 10 ಸೆಂಟಿಮೀಟರ್ ಒಳಗೆ ನಿಂತರೆ ಬಲವು ತೂಕದ ಸುಮಾರು 100 ಪಟ್ಟಿಗೆ ಏರುತ್ತದೆ. ನಿಲ್ಲುವ ದೂರವನ್ನು ಹಿಗ್ಗಿಸುವುದೇ ಬೆಲ್ಟ್‌ನ ಮೊದಲ ಉಪಕಾರ. ದೇಹ ವಾಹನದಿಂದ ಹೊರಕ್ಕೆ ಎಸೆಯಲ್ಪಡದಂತೆ ತಡೆಯುವುದು ಎರಡನೆಯದು.

ಈ ಕೆಲಸ ನೆರವೇರಲು ನಾಲ್ಕು ಅನುಕೂಲಗಳು ಅಗತ್ಯ:

1. ಬೆನ್ನಿಗೆ ಆಸರೆಯುಳ್ಳ ಭದ್ರವಾದ ಆಸನ.
2. ಬೆಲ್ಟ್ ಕಟ್ಟಲು ಚೌಕಟ್ಟಿನಲ್ಲಿ ಬಲವಾದ ಬಿಂದುಗಳು.
3. ಡಿಕ್ಕಿಯ ಶಕ್ತಿಯನ್ನು ಹೀರಿಕೊಳ್ಳಬಲ್ಲ ಮುಂಭಾಗ.
4. ವಾಹನ ಉರುಳಿದರೂ ಕುಸಿಯದ ರಕ್ಷಣಾ ಚೌಕಟ್ಟು.

ಕಾರಿನಲ್ಲಿ ಈ ನಾಲ್ಕೂ ಇರುತ್ತವೆ. ಅಮೆರಿಕದ ರಾಷ್ಟ್ರೀಯ ಹೆದ್ದಾರಿ ಸಂಚಾರ ಸುರಕ್ಷತಾ ಆಡಳಿತವು ಕಾರಿನ ಮುಂಭಾಗದಲ್ಲಿ ಕುಳಿತವರ ಸಾವಿನ ಸಂಭವವನ್ನು ಸೀಟ್ ಬೆಲ್ಟ್ ಸುಮಾರು 45 ಶೇಕಡಾ ತಗ್ಗಿಸುತ್ತದೆಯೆಂದು ಅಂದಾಜಿಸಿದೆ. ಈ ಅಂಕಿಯನ್ನು ತೆರೆದ ಮೂರು ಚಕ್ರದ ವಾಹನಕ್ಕೆ ನೇರವಾಗಿ ಅನ್ವಯಿಸಲಾಗದು, ಏಕೆಂದರೆ ಅಲ್ಲಿ ಮೇಲಿನ ಅನುಕೂಲಗಳಲ್ಲಿ ಕೆಲವು ಅಥವಾ ಎಲ್ಲವೂ ಇಲ್ಲದಿರಬಹುದು.

ವಾಹನಗಳ ವಿಧಗಳು

ಸೀಟ್ ಬೆಲ್ಟ್‌ನ ದೃಷ್ಟಿಯಿಂದ ತೆರೆದ ಮೂರು ಚಕ್ರದ ವಾಹನಗಳನ್ನು ಎರಡು ಬಗೆಯಾಗಿ ವಿಂಗಡಿಸಬಹುದು.

ಮೇಲೆ ಕೂರುವ ವಾಹನಗಳು: ಇವುಗಳಲ್ಲಿ ಸವಾರನು ಕುದುರೆಯ ಮೇಲೆ ಕೂರುವಂತೆ ಜೀನಿನಾಕಾರದ ಆಸನದ ಎರಡೂ ಬದಿಗೆ ಕಾಲು ಹಾಕಿ ಕೂರುತ್ತಾನೆ ಮತ್ತು ಹ್ಯಾಂಡಲ್ ಹಿಡಿದು ನಡೆಸುತ್ತಾನೆ. ಕೆನಡಾದ ಬಿಆರ್‌ಪಿ ಸಂಸ್ಥೆ 2007ರಲ್ಲಿ ಹೊರತಂದ ಕ್ಯಾನ್-ಆಮ್ ಸ್ಪೈಡರ್, ಇಟಲಿಯ ಪಿಯಾಜಿಯೋ ಸಂಸ್ಥೆಯ ಎಂಪಿ3 ಸ್ಕೂಟರ್ (2006) ಈ ಬಗೆಯವು. ಎರಡರಲ್ಲೂ ಮುಂದೆ ಎರಡು, ಹಿಂದೆ ಒಂದು ಚಕ್ರವಿದೆ. ಎಂಪಿ3 ತಿರುವಿನಲ್ಲಿ ದ್ವಿಚಕ್ರ ವಾಹನದಂತೆ ಬಾಗುತ್ತದೆ, ಸ್ಪೈಡರ್ ಬಾಗುವುದಿಲ್ಲ.

ಒಳಗೆ ಕೂರುವ ವಾಹನಗಳು: ಇವುಗಳಲ್ಲಿ ಚಾಲಕನು ಕಾರಿನಲ್ಲಿರುವಂತೆ ಬೆನ್ನಾಸರೆಯುಳ್ಳ ಆಸನದಲ್ಲಿ ಕಾಲುಗಳನ್ನು ಮುಂದಕ್ಕೆ ಚಾಚಿ ಕೂರುತ್ತಾನೆ. ಅಮೆರಿಕದ ಪೋಲಾರಿಸ್ ಸಂಸ್ಥೆಯ ಸ್ಲಿಂಗ್‌ಶಾಟ್ (2014) ಮತ್ತು ಇಂಗ್ಲೆಂಡಿನ ಮಾಲ್ವರ್ನ್ ಪಟ್ಟಣದ ಮಾರ್ಗನ್ ಸಂಸ್ಥೆಯ ಮೂರು ಚಕ್ರದ ಕಾರುಗಳು ಇದಕ್ಕೆ ನಿದರ್ಶನಗಳು.

ಭಾರತದ ಆಟೋರಿಕ್ಷಾ ಈ ಎರಡರ ನಡುವೆ ನಿಲ್ಲುವ ವಾಹನವಾಗಿದೆ. ಅದರಲ್ಲಿ ಹ್ಯಾಂಡಲ್ ಇದೆ, ಆದರೆ ಜೀನು ಇಲ್ಲ. ಛಾವಣಿ ಇದೆ, ಆದರೆ ಅದು ಬಿಸಿಲು ಮಳೆಗಳನ್ನು ತಡೆಯಲು ಹಾಕಿದ ಹೊದಿಕೆಯೇ ಹೊರತು ವಾಹನದ ಭಾರ ಹೊರುವ ರಚನೆಯಲ್ಲ.

ಮಗುಚುವ ಸ್ವಭಾವ

ಮೂರು ಚಕ್ರದ ವಾಹನವು ನಾಲ್ಕು ಚಕ್ರದ ವಾಹನಕ್ಕಿಂತ ಬೇಗ ಮಗುಚುತ್ತದೆ. ನಾಲ್ಕು ಚಕ್ರಗಳು ನೆಲವನ್ನು ಮುಟ್ಟುವ ಬಿಂದುಗಳನ್ನು ಸೇರಿಸಿದರೆ ಆಯತವಾಗುತ್ತದೆ, ಮೂರು ಚಕ್ರಗಳದ್ದನ್ನು ಸೇರಿಸಿದರೆ ತ್ರಿಕೋನವಾಗುತ್ತದೆ. ವಾಹನದ ಗುರುತ್ವ ಕೇಂದ್ರವು ಒಂಟಿ ಚಕ್ರದ ಕಡೆಗೆ ಸರಿದಷ್ಟೂ ಆ ತ್ರಿಕೋನದ ಅಂಚು ಹತ್ತಿರವಾಗುತ್ತದೆ.

ಉದಾಹರಣೆಗೆ, ಒಂದೇ ಅಚ್ಚಿನ ಎರಡು ಚಕ್ರಗಳ ನಡುವೆ 1.2 ಮೀಟರ್ ಅಂತರವಿರುವ, ಗುರುತ್ವ ಕೇಂದ್ರವು ನೆಲದಿಂದ 0.6 ಮೀಟರ್ ಎತ್ತರದಲ್ಲಿರುವ ವಾಹನವೊಂದನ್ನು ಊಹಿಸಿಕೊಳ್ಳಬಹುದು. ಅದಕ್ಕೆ ನಾಲ್ಕು ಚಕ್ರಗಳಿದ್ದರೆ, ಗುರುತ್ವ ವೇಗೋತ್ಕರ್ಷಕ್ಕೆ ಸಮನಾದ ಪಾರ್ಶ್ವ ವೇಗೋತ್ಕರ್ಷ ಉಂಟಾಗುವವರೆಗೆ ಅದು ಮಗುಚದು. ಅದೇ ವಾಹನಕ್ಕೆ ಮೂರು ಚಕ್ರಗಳಿದ್ದು, ಒಂಟಿ ಚಕ್ರದಿಂದ ಜೋಡಿ ಚಕ್ರಗಳವರೆಗಿನ ದೂರದ ಮೂರನೆಯ ಎರಡು ಭಾಗದಲ್ಲಿ ಗುರುತ್ವ ಕೇಂದ್ರವಿದ್ದರೆ, ಮಗುಚುವ ಮಿತಿಯು ಸುಮಾರು 0.67ಕ್ಕೆ ಇಳಿಯುತ್ತದೆ. ಅಂದರೆ ಸ್ಥಿರತೆಯ ಮೂರನೆಯ ಒಂದು ಭಾಗ ನಷ್ಟವಾಗುತ್ತದೆ.

ಒಂಟಿ ಚಕ್ರವು ಮುಂದಿದ್ದರೆ ತೊಂದರೆ ಇನ್ನೂ ಹೆಚ್ಚು. ತಿರುವಿನಲ್ಲಿ ಬ್ರೇಕ್ ಹಾಕಿದಾಗ ಭಾರವೆಲ್ಲ ಮುಂದಕ್ಕೆ, ಅಂದರೆ ತ್ರಿಕೋನದ ಚೂಪಾದ ತುದಿಯತ್ತ ವಾಲುತ್ತದೆ. ಆಟೋರಿಕ್ಷಾದ ವಿನ್ಯಾಸ ಇಂಥದ್ದೇ. ಸ್ಪೈಡರ್ ಮತ್ತು ಸ್ಲಿಂಗ್‌ಶಾಟ್‌ಗಳಲ್ಲಿ ಜೋಡಿ ಚಕ್ರಗಳನ್ನು ಮುಂದಿರಿಸಲು ಇದೂ ಒಂದು ಕಾರಣ. ಸ್ಪೈಡರ್‌ನಲ್ಲಿ ಇದರ ಜೊತೆಗೆ ಬಾಷ್ ಸಂಸ್ಥೆಯ ಸಹಯೋಗದಲ್ಲಿ ರೂಪಿಸಿದ ವಿದ್ಯುನ್ಮಾನ ಸ್ಥಿರತಾ ನಿಯಂತ್ರಣ ವ್ಯವಸ್ಥೆಯೂ ಇದೆ. ಮಗುಚುವುದು ಇಂತಹ ವಾಹನಗಳ ಸಹಜ ದೌರ್ಬಲ್ಯವಾಗಿರುವುದರಿಂದ, ಮಗುಚಿದ ಮೇಲೆ ಬೆಲ್ಟ್ ಕಟ್ಟಿಕೊಂಡವನ ಗತಿಯೇನು ಎಂಬ ಪ್ರಶ್ನೆ ಮುಖ್ಯವಾಗುತ್ತದೆ.

ಮೇಲೆ ಕೂರುವ ವಾಹನಗಳಲ್ಲಿ ಬೆಲ್ಟ್

ಸ್ಪೈಡರ್‌ನಂತಹ ವಾಹನಗಳಲ್ಲಿ ಸೀಟ್ ಬೆಲ್ಟ್ ಇಲ್ಲ. ಇದಕ್ಕೆ ಹಲವು ಕಾರಣಗಳಿವೆ.

ಮೊದಲನೆಯದಾಗಿ, ಜೀನಿಗೆ ಬೆನ್ನಾಸರೆಯಿಲ್ಲದ ಕಾರಣ ಭುಜದ ಪಟ್ಟಿಯನ್ನು ಕಟ್ಟಲು ಸ್ಥಳವಿಲ್ಲ. ಸೊಂಟದ ಪಟ್ಟಿಯೊಂದನ್ನೇ ಕಟ್ಟಿದರೆ ಡಿಕ್ಕಿಯ ವೇಳೆ ಸವಾರನ ಮೇಲ್ಭಾಗ ಮಡಿಸಿದಂತಾಗಿ ತಲೆ ಹಾಗೂ ಎದೆ ಹ್ಯಾಂಡಲ್‌ಗೆ ಅಪ್ಪಳಿಸುತ್ತವೆ. ಹೊಟ್ಟೆಯ ಮೆದು ಅಂಗಗಳ ಮೇಲೂ ಬೆನ್ನುಮೂಳೆಯ ಮೇಲೂ ಬಲವೆಲ್ಲ ಕೇಂದ್ರೀಕೃತವಾಗುತ್ತದೆ.

ಎರಡನೆಯದಾಗಿ, ಸವಾರನ ತಲೆಯೇ ವಾಹನದ ಅತ್ಯಂತ ಎತ್ತರದ ಭಾಗವಾಗಿರುತ್ತದೆ. ವಾಹನ ಪಲ್ಟಿಯಾದರೆ ಬೆಲ್ಟ್‌ನಿಂದ ಬಿಗಿದಿರುವ ಸವಾರನು ಅದರಿಂದ ಬೇರ್ಪಡಲಾರದೆ ನೂರಾರು ಕಿಲೋಗ್ರಾಂ ಭಾರದ ಅಡಿಯಲ್ಲಿ ಸಿಲುಕುತ್ತಾನೆ. ಬೆಲ್ಟ್ ಇಲ್ಲದವನು ದೂರಕ್ಕೆ ಎಸೆಯಲ್ಪಟ್ಟು ಗಾಯಗೊಳ್ಳಬಹುದಾದರೂ, ಸರಿಯಾದ ಹೆಲ್ಮೆಟ್ ಮತ್ತು ರಕ್ಷಣಾ ಉಡುಪು ಇದ್ದರೆ ರಸ್ತೆಯ ಮೇಲೆ ಜಾರಿಕೊಂಡು ಹೋಗಿ ಬದುಕುಳಿಯುವ ಅವಕಾಶ ಅವನಿಗಿರುತ್ತದೆ.

ಮೂರನೆಯದಾಗಿ, ಈ ವಾಹನಗಳನ್ನು ನಡೆಸುವಾಗ ಸವಾರನು ತಿರುವಿನ ಒಳಮಗ್ಗುಲಿಗೆ ದೇಹವನ್ನು ಬಾಗಿಸಬೇಕಾಗುತ್ತದೆ. ಬೆಲ್ಟ್ ಆ ಚಲನೆಗೆ ಅಡ್ಡಿಯಾಗುತ್ತದೆ.

ಎಸೆಯಲ್ಪಡುವುದೇ ಕ್ಷೇಮ ಎಂಬುದು ಇದರ ಅರ್ಥವಲ್ಲ. ಎದುರಿನ ವಾಹನಕ್ಕೋ ರಸ್ತೆ ಬದಿಯ ಕಂಬಕ್ಕೋ ಬಡಿಯುವ ಸವಾರನಿಗೆ ಪ್ರಾಣಾಪಾಯ ಇದ್ದೇ ಇರುತ್ತದೆ. ರಕ್ಷಣಾ ಚೌಕಟ್ಟು ಇಲ್ಲದಿರುವಾಗ ಬೆಲ್ಟ್ ಆ ಅಪಾಯವನ್ನು ನೀಗಿಸುವ ಬದಲು ಬೇರೊಂದು ಅಪಾಯವನ್ನು ತಂದೊಡ್ಡುತ್ತದೆ ಎಂಬುದಷ್ಟೇ ಇಲ್ಲಿನ ವಾದ. ಇಂತಹ ವಾಹನಗಳ ಸವಾರರ ರಕ್ಷಣೆಗೆ ಬೆಲ್ಟ್ ಅಲ್ಲದ ಬೇರೆ ಮಾರ್ಗಗಳನ್ನು ಹುಡುಕಲಾಗಿದೆ. ಹೋಂಡಾ ಸಂಸ್ಥೆಯು ತನ್ನ ದ್ವಿಚಕ್ರ ವಾಹನವಾದ ಗೋಲ್ಡ್ ವಿಂಗ್‌ನಲ್ಲಿ 2006ರಲ್ಲಿ ಗಾಳಿಚೀಲವನ್ನು ಅಳವಡಿಸಿದ್ದು ಇದಕ್ಕೊಂದು ನಿದರ್ಶನ.

ಒಳಗೆ ಕೂರುವ ವಾಹನಗಳಲ್ಲಿ ಬೆಲ್ಟ್

ಸ್ಲಿಂಗ್‌ಶಾಟ್‌ನಲ್ಲಿ ಪರಿಸ್ಥಿತಿ ಭಿನ್ನವಾಗಿದೆ. ಅದರ ಎರಡು ಆಸನಗಳು ಅಕ್ಕಪಕ್ಕದಲ್ಲಿದ್ದು ನೆಲಕ್ಕೆ ಹತ್ತಿರವಾಗಿವೆ, ಎರಡಕ್ಕೂ ಮೂರು ಬಿಂದುಗಳ ಬೆಲ್ಟ್ ಇದೆ. ಆಸನಗಳ ಹಿಂದೆ ರಕ್ಷಣಾ ಕಮಾನುಗಳು ತಲೆಯ ಮಟ್ಟಕ್ಕಿಂತ ಮೇಲಕ್ಕೆ ಎದ್ದು ನಿಂತಿವೆ. ವಾಹನ ತಲೆಕೆಳಗಾದರೆ ಭಾರವನ್ನು ಹೊರಬೇಕಾದವು ಈ ಕಮಾನುಗಳೇ. ಅವುಗಳ ಆಸರೆಯಲ್ಲಿ ಉಳಿಯುವ ಜಾಗದೊಳಗೆ ದೇಹವನ್ನು ಹಿಡಿದಿಡಲು ಬೆಲ್ಟ್ ಬೇಕೇಬೇಕು. ಬೆಲ್ಟ್ ಕಟ್ಟದಿದ್ದವನು ಕಮಾನಿನ ರಕ್ಷಣೆಯಿಂದ ಹೊರಬಿದ್ದು ಅದೇ ವಾಹನದ ಕೆಳಗೆ ಸಿಲುಕಬಹುದು. 2011ರಲ್ಲಿ ಮತ್ತೆ ಮೂರು ಚಕ್ರದ ಕಾರುಗಳ ತಯಾರಿಕೆಗೆ ಮರಳಿದ ಮಾರ್ಗನ್ ಸಂಸ್ಥೆಯೂ ಅವುಗಳಲ್ಲಿ ಬೆಲ್ಟ್ ಮತ್ತು ಕಮಾನುಗಳೆರಡನ್ನೂ ಅಳವಡಿಸಿತು.

ಸ್ಟೀರಿಂಗ್ ಚಕ್ರವಿದ್ದರೆ ಬೆಲ್ಟ್, ಹ್ಯಾಂಡಲ್ ಇದ್ದರೆ ಬೆಲ್ಟ್ ಬೇಡ ಎಂಬ ಸರಳ ಸೂತ್ರವೂ ಸರಿಯಲ್ಲ. ಅಮೆರಿಕದ ಆರ್ಕಿಮೋಟೋ ಸಂಸ್ಥೆ 2019ರಿಂದ ತಯಾರಿಸಿದ ಎಫ್‌ಯುವಿ ಎಂಬ ವಿದ್ಯುತ್ ಚಾಲಿತ ಮೂರು ಚಕ್ರದ ವಾಹನದಲ್ಲಿ ಹ್ಯಾಂಡಲ್ ಇದ್ದು, ಪಕ್ಕಗಳು ತೆರೆದಿವೆ. ಆದರೂ ಅದರಲ್ಲಿ ಬೆನ್ನಾಸರೆಯುಳ್ಳ ಆಸನಗಳು, ಛಾವಣಿಯನ್ನು ಹೊತ್ತ ಚೌಕಟ್ಟು ಮತ್ತು ಸೀಟ್ ಬೆಲ್ಟ್‌ಗಳಿವೆ. ಬೆಲ್ಟ್‌ಗೆ ಅರ್ಥ ಬರುವುದು ಆಸನ ಹಾಗೂ ಚೌಕಟ್ಟಿನಿಂದಲೇ ಹೊರತು ನಡೆಸುವ ವಿಧಾನದಿಂದಲ್ಲ.

ಇತರ ವಾಹನಗಳ ಅನುಭವ

ಟ್ರ್ಯಾಕ್ಟರ್: ಈ ತತ್ತ್ವವು ಅತ್ಯಂತ ಸ್ಪಷ್ಟವಾಗಿ ಕಂಡುಬರುವುದು ಕೃಷಿ ಟ್ರ್ಯಾಕ್ಟರ್‌ಗಳಲ್ಲಿ. ಹೊಸ ಟ್ರ್ಯಾಕ್ಟರ್‌ಗಳಿಗೆ ಉರುಳು ರಕ್ಷಣಾ ಚೌಕಟ್ಟು ಇರಬೇಕೆಂದು ಸ್ವೀಡನ್ 1959ರಲ್ಲೇ ನಿಯಮ ಮಾಡಿತು. ಚೌಕಟ್ಟು ಇರುವ ಟ್ರ್ಯಾಕ್ಟರ್‌ನಲ್ಲಿ ಬೆಲ್ಟ್ ಕಟ್ಟಲೇಬೇಕು, ಚೌಕಟ್ಟು ಇಲ್ಲದ ಟ್ರ್ಯಾಕ್ಟರ್‌ನಲ್ಲಿ ಬೆಲ್ಟ್ ಕಟ್ಟಬಾರದು ಎಂಬುದು ಕೃಷಿ ಸುರಕ್ಷತೆಯ ಮೂಲಪಾಠವಾಗಿದೆ. ಮರದ ಕೊಂಬೆಗಳಡಿ ಸಾಗಲು ಚೌಕಟ್ಟನ್ನು ಮಡಚಿಡುವ ಅನುಕೂಲವಿರುವ ಟ್ರ್ಯಾಕ್ಟರ್‌ಗಳಲ್ಲಿ, ಮಡಚಿರುವಷ್ಟು ಹೊತ್ತು ಬೆಲ್ಟ್ ಕಟ್ಟದಿರುವಂತೆ ಸೂಚಿಸಲಾಗುತ್ತದೆ. ಒಂದೇ ಯಂತ್ರದಲ್ಲಿ, ಒಂದೇ ದಿನದಲ್ಲಿ, ಚೌಕಟ್ಟಿನ ಸ್ಥಿತಿಗನುಗುಣವಾಗಿ ಬೆಲ್ಟ್‌ನ ನಿಯಮ ಬದಲಾಗುತ್ತದೆ.

ಎಲ್ಲ ನೆಲಗಳ ವಾಹನಗಳು: ಹೊಲ, ಮರಳು ಹಾಗೂ ಕಾಡುದಾರಿಗಳಲ್ಲಿ ಓಡಿಸುವ ಮೂರು ಚಕ್ರದ ಸಣ್ಣ ವಾಹನಗಳು ಅಮೆರಿಕದಲ್ಲಿ ಒಮ್ಮೆ ಬಹಳ ಜನಪ್ರಿಯವಾಗಿದ್ದವು. ಅವು ಪದೇಪದೇ ಮಗುಚಿ ಸಾವುನೋವುಗಳಾದುದರಿಂದ, 1988ರಲ್ಲಿ ಸರ್ಕಾರದೊಂದಿಗೆ ಆದ ಒಪ್ಪಂದದಂತೆ ಪ್ರಮುಖ ತಯಾರಕರು ಅವುಗಳ ಮಾರಾಟವನ್ನು ಕೈಬಿಟ್ಟರು. ಅವುಗಳ ಸ್ಥಾನಕ್ಕೆ ಬಂದ ನಾಲ್ಕು ಚಕ್ರದ, ಜೀನು ಆಸನದ ವಾಹನಗಳಲ್ಲಿ ಇಂದಿಗೂ ಬೆಲ್ಟ್ ಇಲ್ಲ. ಅದೇ ಕೆಲಸಕ್ಕೆ ಬಳಸುವ, ಅಕ್ಕಪಕ್ಕ ಕೂರುವ ಆಸನಗಳಿರುವ ವಾಹನಗಳಲ್ಲಿ ರಕ್ಷಣಾ ಚೌಕಟ್ಟು ಮತ್ತು ಬೆಲ್ಟ್ ಎರಡೂ ಇರುತ್ತವೆ.

ಬಿಎಂಡಬ್ಲ್ಯು ಸಿ1: ಜರ್ಮನಿಯ ಬಿಎಂಡಬ್ಲ್ಯು ಸಂಸ್ಥೆ 2000ದಲ್ಲಿ ಮಾರುಕಟ್ಟೆಗೆ ತಂದ ಸಿ1 ಎಂಬ ಸ್ಕೂಟರ್ ಎರಡು ಚಕ್ರದ್ದಾದರೂ ಈ ಚರ್ಚೆಗೆ ಪ್ರಸ್ತುತವಾಗಿದೆ. ಅದರ ಸವಾರನ ಸುತ್ತ ಲೋಹದ ರಕ್ಷಣಾ ಪಂಜರವಿತ್ತು, ಆಸನಕ್ಕೆ ಭುಜದ ಬೆಲ್ಟ್‌ಗಳಿದ್ದವು. ಜರ್ಮನಿ ಸೇರಿದಂತೆ ಯುರೋಪಿನ ಹಲವು ದೇಶಗಳು ಇದರ ಸವಾರರಿಗೆ ಹೆಲ್ಮೆಟ್‌ನಿಂದ ವಿನಾಯಿತಿ ನೀಡಿದವು, ಬ್ರಿಟನ್ ನೀಡಲಿಲ್ಲ. ಕೆಲವೇ ವರ್ಷಗಳಲ್ಲಿ ಇದರ ತಯಾರಿಕೆ ನಿಂತಿತು. ಜೀನನ್ನು ಆಸನವನ್ನಾಗಿ, ತೆರೆದ ವಾಹನವನ್ನು ಪಂಜರವನ್ನಾಗಿ ಮಾರ್ಪಡಿಸಿದ ಬಳಿಕವೇ ಬೆಲ್ಟ್ ಸೇರಿಸಲಾಯಿತು ಎಂಬುದು ಇಲ್ಲಿ ಗಮನಾರ್ಹ.

ಕಾನೂನುಗಳು

ಅಮೆರಿಕ: ಸವಾರನಿಗೆ ಆಸನ ಅಥವಾ ಜೀನು ಇರುವ, ನೆಲಕ್ಕೆ ತಾಗುವ ಚಕ್ರಗಳು ಮೂರಕ್ಕಿಂತ ಹೆಚ್ಚಿಲ್ಲದ ಮೋಟಾರು ವಾಹನವನ್ನು ಅಮೆರಿಕದ ಒಕ್ಕೂಟ ಸರ್ಕಾರದ ನಿಯಮಗಳು ಮೋಟಾರ್‌ಸೈಕಲ್ ಎಂದು ವ್ಯಾಖ್ಯಾನಿಸುತ್ತವೆ. ಹೀಗಾಗಿ ಕಾರುಗಳಿಗೆ 1968ರಿಂದ ಕಡ್ಡಾಯವಾದ ಸೀಟ್ ಬೆಲ್ಟ್ ನಿಯಮ ಸ್ಪೈಡರ್‌ಗೂ ಸ್ಲಿಂಗ್‌ಶಾಟ್‌ಗೂ ಅನ್ವಯಿಸುವುದಿಲ್ಲ. ಸ್ಟೀರಿಂಗ್ ಚಕ್ರ ಹಾಗೂ ಕಾರಿನಂತಹ ಆಸನಗಳಿರುವ ಮೂರು ಚಕ್ರದ ವಾಹನಗಳಿಗಾಗಿ ಹಲವು ರಾಜ್ಯಗಳು ‘ಆಟೋಸೈಕಲ್’ ಎಂಬ ಪ್ರತ್ಯೇಕ ವರ್ಗವನ್ನು ರಚಿಸಿವೆ. ಅವುಗಳ ಚಾಲನಾ ಪರವಾನಗಿ ಮತ್ತು ಹೆಲ್ಮೆಟ್ ನಿಯಮಗಳು ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತವೆ.

ಯುರೋಪ್: ಯುರೋಪಿಯನ್ ಒಕ್ಕೂಟವು 1997ರ ನಿರ್ದೇಶನವೊಂದರಲ್ಲಿ ಮೂರು ಚಕ್ರದ ವಾಹನಗಳ ಸೀಟ್ ಬೆಲ್ಟ್‌ಗಳಿಗೆ ಪ್ರತ್ಯೇಕ ಅಧ್ಯಾಯವನ್ನೇ ಮೀಸಲಿಟ್ಟಿತು. ಅದು ಕವಚವುಳ್ಳ ಮೂರು ಚಕ್ರದ ವಾಹನಗಳಿಗೆ ಮಾತ್ರ ಸಂಬಂಧಿಸಿತ್ತು. ಕವಚವಿಲ್ಲದವುಗಳನ್ನು ಹೊರಗಿರಿಸಿದುದರಲ್ಲಿ ಮೇಲೆ ವಿವರಿಸಿದ ತತ್ತ್ವವೇ ಕಾಣುತ್ತದೆ.

ಭಾರತ: 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಮೋಟಾರ್‌ಸೈಕಲ್ ಎಂದರೆ ಎರಡು ಚಕ್ರದ ಮೋಟಾರು ವಾಹನ. ಬೇಕೆಂದಾಗ ಕಳಚಬಹುದಾದ, ಹೆಚ್ಚುವರಿ ಚಕ್ರವಿರುವ ಪಕ್ಕದ ತೊಟ್ಟಿಯನ್ನು ಜೋಡಿಸಿದ್ದರೂ ಅದು ಮೋಟಾರ್‌ಸೈಕಲ್ಲೇ. ಆಟೋರಿಕ್ಷಾ ಈ ವ್ಯಾಖ್ಯಾನದಲ್ಲಿ ಬರುವುದಿಲ್ಲವಾದ್ದರಿಂದ ಕಾಯ್ದೆಯ 129ನೆಯ ಕಲಮಿನ ಹೆಲ್ಮೆಟ್ ನಿಯಮ ಅದಕ್ಕೆ ಅನ್ವಯಿಸದು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 125ನೆಯ ನಿಯಮವು ತಯಾರಕರು ಸೀಟ್ ಬೆಲ್ಟ್ ಅಳವಡಿಸಬೇಕೆಂದು ವಿಧಿಸುವಾಗ, ಮೋಟಾರ್‌ಸೈಕಲ್‌ಗಳನ್ನೂ 500 ಸಿಸಿ ಮೀರದ ಎಂಜಿನ್‌ನ ಮೂರು ಚಕ್ರದ ವಾಹನಗಳನ್ನೂ ಹೊರತುಪಡಿಸಿದೆ. 2019ರ ತಿದ್ದುಪಡಿಯಿಂದ ಸೇರ್ಪಡೆಯಾದ 194ಬಿ ಕಲಮು ಬೆಲ್ಟ್ ಧರಿಸದವರಿಗೆ 1,000 ರೂಪಾಯಿ ದಂಡ ವಿಧಿಸುತ್ತದೆ. ಆದರೆ ಬೆಲ್ಟೇ ಇಲ್ಲದ ಆಟೋರಿಕ್ಷಾದಲ್ಲಿ ಧರಿಸುವ ಮಾತು ಹುಟ್ಟುವುದಿಲ್ಲ. ಹೀಗೆ ಆಟೋರಿಕ್ಷಾದ ಚಾಲಕನಿಗೂ ಪ್ರಯಾಣಿಕರಿಗೂ ದ್ವಿಚಕ್ರ ಸವಾರನ ಹೆಲ್ಮೆಟ್ ಆಗಲಿ ಕಾರಿನವರ ಬೆಲ್ಟ್ ಆಗಲಿ ಲಭ್ಯವಿಲ್ಲ.

ಆಟೋರಿಕ್ಷಾದಲ್ಲಿ ಬೆಲ್ಟ್‌ನ ಸಾಧ್ಯತೆ

ಆಟೋರಿಕ್ಷಾದ ಹಿಂದಿನ ಆಸನದಲ್ಲಿ ಕುಳಿತವರಿಗೆ ಎರಡು ಬಗೆಯ ಅಪಾಯಗಳಿವೆ. ಎದುರು ಡಿಕ್ಕಿಯಾದರೆ ಅವರ ಮುಖ, ಎದೆ ಮತ್ತು ಮೊಣಕಾಲುಗಳು ಚಾಲಕನ ಹಿಂಬದಿಯ ಕಂಬಿಗೆ ಹಾಗೂ ತಗಡಿಗೆ ಬಡಿಯುತ್ತವೆ. ವಾಹನ ಮಗುಚಿದರೆ ಅವರು ತೆರೆದ ಪಕ್ಕದಿಂದ ಹೊರಬಿದ್ದು, 300 ಕಿಲೋಗ್ರಾಂಗೂ ಮೀರಿದ ವಾಹನದ ಅಡಿಗೆ ಸಿಲುಕಬಹುದು. ಮೊದಲ ಅಪಾಯಕ್ಕೆ ಬೆಲ್ಟ್ ಪರಿಹಾರವಾಗಬಲ್ಲದು. ಎರಡನೆಯದಕ್ಕೆ ಬೆಲ್ಟ್ ಜೊತೆಗೆ ಛಾವಣಿಯ ಚೌಕಟ್ಟೂ ವಾಹನದ ಭಾರವನ್ನು ತಡೆದುಕೊಳ್ಳುವಷ್ಟು ಗಟ್ಟಿಯಾಗಿರಬೇಕು.

ಬೆಲ್ಟ್ ಕಟ್ಟುವ ಬಿಂದುಗಳ ಬಲವೂ ಮುಖ್ಯ. ಅಮೆರಿಕದ ಕಾರುಗಳ ಮಾನಕದಂತೆ ಮೂರು ಬಿಂದುಗಳ ಬೆಲ್ಟ್‌ನ ಸೊಂಟದ ಭಾಗ ಮತ್ತು ಭುಜದ ಭಾಗಗಳ ಪರೀಕ್ಷೆಯಲ್ಲಿ ತಲಾ 3,000 ಪೌಂಡ್, ಅಂದರೆ ಸುಮಾರು 1,360 ಕಿಲೋಗ್ರಾಂ ಭಾರದ ಎಳೆತವನ್ನು ಪ್ರಯೋಗಿಸಲಾಗುತ್ತದೆ. ಮೂವರು ಪ್ರಯಾಣಿಕರಿದ್ದರೆ ಒಟ್ಟು ಬಲ ಇದರ ಹಲವು ಪಟ್ಟಾಗುತ್ತದೆ. ತೆಳು ತಗಡು ಹಾಗೂ ಸಣ್ಣ ಕೊಳವೆಗಳ ಮೇಲೆ ಬೆಸುಗೆ ಹಾಕಿದ ಕೊಂಡಿ ಇಷ್ಟನ್ನು ತಾಳಲಾರದು. ಆದ್ದರಿಂದ ಈಗಾಗಲೇ ಓಡುತ್ತಿರುವ ವಾಹನಕ್ಕೆ ಗ್ಯಾರೇಜಿನಲ್ಲಿ ಬೆಲ್ಟ್ ಹಾಕಿಸುವುದು ಸುರಕ್ಷತೆಯ ಭ್ರಮೆಯನ್ನಷ್ಟೇ ನೀಡೀತು. ತಯಾರಿಕೆಯ ಹಂತದಲ್ಲೇ ಆಸನ, ಚೌಕಟ್ಟು ಮತ್ತು ಬೆಲ್ಟ್‌ಗಳನ್ನು ಒಟ್ಟಿಗೆ ವಿನ್ಯಾಸಗೊಳಿಸಬೇಕಾಗುತ್ತದೆ. ಮೂವರ ಆಸನದಲ್ಲಿ ಹೆಚ್ಚು ಮಂದಿ ಮಕ್ಕಳನ್ನು ಕೂರಿಸುವ, ಚಾಲಕನ ಪಕ್ಕದಲ್ಲಿಯೂ ಜನರನ್ನು ಕೂರಿಸಿಕೊಳ್ಳುವ ರೂಢಿ ಇರುವಲ್ಲಿ ಬೆಲ್ಟ್ ಇದ್ದರೂ ಅದು ಎಲ್ಲರಿಗೂ ಒದಗುವುದಿಲ್ಲ.

ಆಟೋರಿಕ್ಷಾ ನಿಧಾನವಾಗಿ ಚಲಿಸುವುದರಿಂದ ಬೆಲ್ಟ್ ಅನಗತ್ಯ ಎಂಬ ವಾದವೂ ಇದೆ. ಗಂಟೆಗೆ 25 ಕಿ.ಮೀ. ಗರಿಷ್ಠ ವೇಗಮಿತಿಯಿರುವ ಇ-ರಿಕ್ಷಾಗಳ ವಿಷಯದಲ್ಲಿ ಈ ವಾದಕ್ಕೆ ಸ್ವಲ್ಪ ಬಲವಿದೆ. ಆದರೆ ಡಿಕ್ಕಿಯ ತೀವ್ರತೆಯನ್ನು ನಿರ್ಧರಿಸುವುದು ಎದುರಿನ ವಾಹನದ ವೇಗ ಮತ್ತು ತೂಕ ಕೂಡ. ಈ ಕಾರಣಕ್ಕಾಗಿಯೇ ಕೆಲವೆಡೆ ವಾಹನಕ್ಕೆ ರಕ್ಷಣೆ ಸೇರಿಸುವ ಬದಲು ವಾಹನವನ್ನೇ ಅಪಾಯದ ರಸ್ತೆಯಿಂದ ದೂರವಿಡಲಾಗಿದೆ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನ, ಆಟೋರಿಕ್ಷಾ, ಟ್ರ್ಯಾಕ್ಟರ್ ಮೊದಲಾದವುಗಳ ಸಂಚಾರವನ್ನು 2023ರ ಆಗಸ್ಟ್ 1ರಿಂದ ನಿಷೇಧಿಸಲಾಯಿತು. ಅವು ಪಕ್ಕದ ಸೇವಾ ರಸ್ತೆಯನ್ನು ಬಳಸಬೇಕಾಗುತ್ತದೆ.

ಹೆಲ್ಮೆಟ್ ಮತ್ತು ಬೆಲ್ಟ್

ಬೆಲ್ಟ್ ಇಲ್ಲದ ತೆರೆದ ವಾಹನಗಳಲ್ಲಿ ಹೆಲ್ಮೆಟ್ಟೇ ಪ್ರಧಾನ ರಕ್ಷಣೆ. ಮೋಟಾರ್‌ಸೈಕಲ್ ಸವಾರರ ಕುರಿತ ಅಧ್ಯಯನಗಳ ಒಟ್ಟು ಪರಿಶೀಲನೆಯೊಂದು ಹೆಲ್ಮೆಟ್‌ನಿಂದ ಸಾವಿನ ಸಂಭವ ಸುಮಾರು 42 ಶೇಕಡಾ, ತಲೆಯ ಗಾಯದ ಸಂಭವ ಸುಮಾರು 69 ಶೇಕಡಾ ತಗ್ಗುತ್ತದೆಯೆಂದು ಕಂಡುಕೊಂಡಿದೆ. ಬೆಲ್ಟ್ ಮತ್ತು ಹೆಲ್ಮೆಟ್ ಒಂದಕ್ಕೊಂದು ಬದಲಿಯಲ್ಲ. ಸ್ಲಿಂಗ್‌ಶಾಟ್‌ನಂತಹ ವಾಹನದಲ್ಲಿ ಬೆಲ್ಟ್ ದೇಹವನ್ನು ಹಿಡಿದಿಟ್ಟರೂ ತಲೆ ತೆರೆದ ಗಾಳಿಯಲ್ಲೇ ಇರುವುದರಿಂದ ಎರಡನ್ನೂ ಧರಿಸುವುದು ಸೂಕ್ತ.

ಸಾರಾಂಶ

ಬೆಲ್ಟ್ ವ್ಯಕ್ತಿಯನ್ನು ವಾಹನದ ಹಣೆಬರಹಕ್ಕೆ ಕಟ್ಟಿಹಾಕುತ್ತದೆ. ವಾಹನವು ವ್ಯಕ್ತಿಯನ್ನು ಕಾಪಾಡಬಲ್ಲುದಾದರೆ ಬೆಲ್ಟ್ ವರ, ಕಾಪಾಡಲಾರದಾದರೆ ಅದೇ ಬಂಧನ. ಜೀನು ಆಸನದ ಮೂರು ಚಕ್ರದ ಮೋಟಾರ್‌ಸೈಕಲ್‌ಗಳಲ್ಲಿ ಬೆಲ್ಟ್ ಯುಕ್ತವಲ್ಲ. ರಕ್ಷಣಾ ಕಮಾನು ಮತ್ತು ಬೆನ್ನಾಸರೆಯುಳ್ಳ ವಾಹನಗಳಲ್ಲಿ ಅದು ಅನಿವಾರ್ಯ. ಆಟೋರಿಕ್ಷಾದಲ್ಲಿ ಚೌಕಟ್ಟನ್ನು ಬಲಪಡಿಸದೆ ಬೆಲ್ಟನ್ನಷ್ಟೇ ಸೇರಿಸಿದರೆ ಪ್ರಯೋಜನ ಸೀಮಿತ.

ಇವನ್ನೂ ನೋಡಿ

ಆಟೋರಿಕ್ಷಾ
ಸೀಟ್ ಬೆಲ್ಟ್
ಹೆಲ್ಮೆಟ್
ಗುರುತ್ವ ಕೇಂದ್ರ
ರಸ್ತೆ ಸುರಕ್ಷತೆ